ಜೀವಕೋಶದ ಮೂಲಶೋಧ

‘ನದೀಮೂಲ, ಋಷಿಮೂಲಗಳನ್ನು ಹುಡುಕಬಾರದು’ ಎಂದು ಹಿರಿಯರು ಹೇಳುವುದುಂಟು. ಲೋಕವ್ಯವಹಾರದಲ್ಲಿ ಈ ಮಾತಿಗೆ ಅರ್ಥವಿದೆ. ದೊಡ್ಡವರೊಬ್ಬರ ನಡೆನುಡಿಗಳಿಂದ ನಮಗೆ ಪ್ರಯೋಜನವಾಗುತ್ತಿರುವಾಗ ಅವರ ಕುಲಗೋತ್ರಗಳನ್ನು ವಿಚಾರಿಸುವುದು ಸೌಜನ್ಯವಲ್ಲ. ಆದರೆ ವಿಜ್ಞಾನದ ದಾರಿಯೇ ಬೇರೆ. ಅಲ್ಲಿ ಒಂದು ವಸ್ತು ಎಲ್ಲಿಂದ ಬಂತು, ಹೇಗೆ ಬಂತು ಎಂಬುದನ್ನು ಕೇಳದೆ ಅದನ್ನು ಒಪ್ಪುವಂತಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೇ ಅಲ್ಲಿನ ಧರ್ಮಸೂತ್ರ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶವೊಂದರ ಮೂಲವನ್ನು ವಿಜ್ಞಾನಿಗಳು ಹೇಗೆ ಶೋಧಿಸಿದರು, ಆ ಶೋಧದಿಂದ ಎಂತಹ ಸುಳ್ಳು ಬಯಲಾಯಿತು, ಆ ಸುಳ್ಳಿನೊಳಗೆ ಎಂತಹ ಅನಿರೀಕ್ಷಿತ ಸತ್ಯವೊಂದು ಅಡಗಿತ್ತು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮನುಷ್ಯನ ದೇಹವು ಲಕ್ಷಾಂತರ ಕೋಟಿ ಜೀವಕೋಶಗಳಿಂದಾದುದು. ಇವೆಲ್ಲವೂ ಒಂದೇ ಬಗೆಯವಲ್ಲ. ಸ್ನಾಯುವಿನ ಕೋಶ ಸಂಕುಚಿಸುತ್ತದೆ, ನರದ ಕೋಶ ಸುದ್ದಿಯನ್ನು ಸಾಗಿಸುತ್ತದೆ, ರಕ್ತದ ಕೆಂಪು ಕೋಶ ಆಮ್ಲಜನಕವನ್ನು ಹೊತ್ತು ತಿರುಗುತ್ತದೆ. ಒಮ್ಮೆ ತನ್ನ ಕಸಬನ್ನು ಕಲಿತ ಕೋಶವು ಸಾಮಾನ್ಯವಾಗಿ ಬೇರೆ ಕಸಬಿಗೆ ಹೋಗುವುದಿಲ್ಲ. ಆದರೆ ಈ ನಾನಾ ಬಗೆಯ ಕೋಶಗಳೆಲ್ಲ ಹುಟ್ಟಿದುದು ಒಂದೇ ಒಂದು ಕೋಶದಿಂದ ಎಂಬುದನ್ನು ಮರೆಯಬಾರದು. ತಾಯಿಯ ಅಂಡಾಣುವೂ ತಂದೆಯ ವೀರ್ಯಾಣುವೂ ಕೂಡಿ ಒಂದು ಕೋಶವಾಗುತ್ತದೆ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಐದಾರು ದಿನಗಳಲ್ಲಿ ಟೊಳ್ಳಾದ ಒಂದು ಪುಟ್ಟ ಚೆಂಡಿನಂತಾಗುತ್ತದೆ. ಆ ಚೆಂಡಿನ ಒಳಗೋಡೆಗೆ ಅಂಟಿಕೊಂಡು ಕೋಶಗಳ ಒಂದು ಸಣ್ಣ ಗುಂಪು ಇರುತ್ತದೆ. ಇವು ಇನ್ನೂ ಯಾವ ಕಸಬನ್ನೂ ಕಲಿಯದ ಕೋಶಗಳು. ಆದುದರಿಂದಲೇ ಯಾವ ಕಸಬನ್ನು ಬೇಕಾದರೂ ಕಲಿಯಬಲ್ಲವು. ಇವುಗಳನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ತಕ್ಕ ಪೋಷಕದ್ರವವಿತ್ತು ಬೆಳೆಸಿದರೆ ಅವು ತಮ್ಮ ಈ ಗುಣವನ್ನು ಕಳೆದುಕೊಳ್ಳದೆ ಬಹುಕಾಲ ವೃದ್ಧಿಯಾಗುತ್ತಲೇ ಇರುತ್ತವೆ. ಇವನ್ನೇ ಭ್ರೂಣದ ಆಕರಕೋಶಗಳು ಎನ್ನುತ್ತಾರೆ. ಸ್ಟೆಮ್ ಸೆಲ್ ಎಂಬ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಒಂದು ಭ್ರೂಣದಿಂದ ಹೊರಟು ಹೀಗೆ ತಟ್ಟೆಯಿಂದ ತಟ್ಟೆಗೆ ಬೆಳೆದು ಬರುವ ಕೋಶಸಂತತಿಗೆ ‘ಕೋಶಸರಣಿ’ ಎಂದು ಹೆಸರು.

1981ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್ ಅವರೂ, ಅಮೆರಿಕದ ಗೇಲ್ ಮಾರ್ಟಿನ್ ಅವರೂ ಇಲಿಯ ಭ್ರೂಣದಿಂದ ಇಂತಹ ಕೋಶಗಳನ್ನು ಪಡೆದರು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್ ಅವರು ಮಾನವಭ್ರೂಣದಿಂದಲೂ ಅವನ್ನು ಪಡೆಯುವುದರಲ್ಲಿ ಯಶಸ್ವಿಯಾದರು. ವೈದ್ಯಲೋಕದಲ್ಲಿ ದೊಡ್ಡ ಆಸೆ ಚಿಗುರಿತು. ಬೆನ್ನುಹುರಿ ಮುರಿದು ನಡೆಯಲಾರದವರಿಗೆ ಹೊಸ ನರಕೋಶಗಳನ್ನೂ, ಮಧುಮೇಹಿಗಳಿಗೆ ಇನ್ಸುಲಿನ್ ಸ್ರವಿಸುವ ಕೋಶಗಳನ್ನೂ ಬೆಳೆಸಿ ಕೊಡಬಹುದಲ್ಲವೇ ಎಂದು ವಿಜ್ಞಾನಿಗಳು ಯೋಚಿಸಿದರು. ಆದರೆ ಒಂದು ತೊಡಕು ಇತ್ತು. ಪರರ ಕೋಶಗಳನ್ನು ನಮ್ಮ ದೇಹವು ಶತ್ರುವೆಂದೇ ಬಗೆದು ನಾಶಪಡಿಸುತ್ತದೆ. ರೋಗಿಯ ದೇಹ ಒಪ್ಪಬೇಕಾದರೆ ಆಕರಕೋಶವು ರೋಗಿಯದೇ ಆಗಿರಬೇಕು. ಬೆಳೆದು ನಿಂತ ಮನುಷ್ಯನಿಗೆ ಅವನದೇ ಭ್ರೂಣಕೋಶವನ್ನು ತರುವುದು ಹೇಗೆ?

ಈ ಪ್ರಶ್ನೆಗೆ ಒಂದು ಕುರಿಮರಿ ದಾರಿ ತೋರಿಸಿತು. 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ‘ಡಾಲಿ’ ಹುಟ್ಟಿತು. ಇಯಾನ್ ವಿಲ್ಮಟ್, ಕೀತ್ ಕ್ಯಾಂಬೆಲ್ ಮತ್ತು ಅವರ ಸಂಗಡಿಗರು ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶವನ್ನು ತೆಗೆದುಕೊಂಡರು. ಮತ್ತೊಂದು ಕುರಿಯ ಅಂಡಾಣುವಿನಿಂದ ಅದರ ವರ್ಣತಂತುಗಳನ್ನು ಹೊರತೆಗೆದು, ಬರಿದಾದ ಆ ಅಂಡಾಣುವಿನೊಡನೆ ಕೆಚ್ಚಲಿನ ಕೋಶವನ್ನು ವಿದ್ಯುತ್ತಿನ ಸಹಾಯದಿಂದ ಕೂಡಿಸಿದರು. ಅಂಡಾಣುವು ಫಲಿತವಾದಂತೆಯೇ ಬೆಳೆಯತೊಡಗಿತು. 277 ಸಲ ಹೀಗೆ ಕೂಡಿಸಿದ ಮೇಲೆ ದೊರೆತ ಮರಿ ಒಂದೇ ಒಂದು. ಈ ವಿಧಾನವನ್ನು ಕೋಶಕೇಂದ್ರದ ವರ್ಗಾವಣೆ ಎಂದೂ, ಹೀಗೆ ಹುಟ್ಟಿದ ಜೀವಿಯನ್ನು ತದ್ರೂಪಿ ಎಂದೂ ಕರೆಯುತ್ತಾರೆ. ರೋಗಿಯ ಚರ್ಮದ ಕೋಶವನ್ನು ಬರಿದಾದ ಅಂಡಾಣುವಿನಲ್ಲಿಟ್ಟು ಐದಾರು ದಿನ ಬೆಳೆಸಿದರೆ ರೋಗಿಯದೇ ಆಕರಕೋಶಗಳು ದೊರೆಯಬೇಕಲ್ಲವೇ? ತತ್ತ್ವ ಇಷ್ಟು ಸರಳ. ಕಾರ್ಯ ಬಲು ಕಠಿಣ.

ಡಾಲಿಯ ಸುದ್ದಿ ಹೊರಬಿದ್ದಾಗ ಎಲ್ಲರೂ ನಂಬಲಿಲ್ಲ. ಕೆಚ್ಚಲಿನ ಕೋಶವನ್ನು ಕೊಟ್ಟ ಕುರಿ ಆಗ ಗಬ್ಬವಾಗಿತ್ತು. ಹೊಟ್ಟೆಯಲ್ಲಿದ್ದ ಮರಿಯ ಕೋಶವೊಂದು ತಾಯಿಯ ರಕ್ತದಲ್ಲಿ ಹರಿದು ಬಂದು ಕೆಚ್ಚಲಿನ ಕೋಶಗಳೊಡನೆ ಬೆರೆತಿರಬಾರದೇಕೆ ಎಂದು ಕೆಲವು ವಿಜ್ಞಾನಿಗಳು ಸಂದೇಹಪಟ್ಟರು. ಇಂತಹ ಸಂದೇಹವು ಅವಮಾನವಲ್ಲ. ಅದು ವಿಜ್ಞಾನದ ಪದ್ಧತಿ. ಆ ಕುರಿ ಅಷ್ಟರಲ್ಲಿ ಸತ್ತುಹೋಗಿತ್ತಾದರೂ ಅದರ ಅಂಗಾಂಶವನ್ನು ಶೀತದಲ್ಲಿ ಕಾಪಾಡಿ ಇಡಲಾಗಿತ್ತು. 1998ರಲ್ಲಿ ಅದನ್ನು ಡಾಲಿಯ ರಕ್ತದೊಡನೆ ಹೋಲಿಸಿ ನೋಡಲಾಯಿತು. ಎರಡರ ‘ಡಿ.ಎನ್.ಎ. ಬೆರಳಚ್ಚು’ ಒಂದೇ ಆಗಿತ್ತು. ಸಂದೇಹ ತೀರಿತು.

ಈ ಬೆರಳಚ್ಚು ಎಂದರೇನು? ಜೀವಕೋಶದ ಕೇಂದ್ರದಲ್ಲಿ ವರ್ಣತಂತುಗಳೆಂಬ ಎಳೆಗಳಿವೆ. ಮನುಷ್ಯನಲ್ಲಿ ಅವು 23 ಜೊತೆ, ಅಂದರೆ 46. ಪ್ರತಿಯೊಂದು ಜೊತೆಯಲ್ಲಿಯೂ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಈ ಎಳೆಗಳು ಡಿ.ಎನ್.ಎ. ಎಂಬ ದ್ರವ್ಯದಿಂದಾಗಿವೆ. ನಾಲ್ಕೇ ಅಕ್ಷರಗಳುಳ್ಳ ಲಿಪಿಯಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳ ಗ್ರಂಥವೊಂದನ್ನು ಊಹಿಸಿಕೊಳ್ಳಿರಿ. ಮನುಷ್ಯ ಮನುಷ್ಯರ ನಡುವೆ ಈ ಗ್ರಂಥ ಬಹುಮಟ್ಟಿಗೆ ಒಂದೇ. ಆದರೆ ಕೆಲವು ಸ್ಥಳಗಳಲ್ಲಿ ಒಂದು ಚಿಕ್ಕ ಪದವು ತೊದಲು ಮಾತಿನಂತೆ ಮತ್ತೆ ಮತ್ತೆ ಬರುತ್ತದೆ. ಒಬ್ಬನಲ್ಲಿ ಅದು ಏಳು ಸಲ ಬಂದರೆ ಇನ್ನೊಬ್ಬನಲ್ಲಿ ಹನ್ನೊಂದು ಸಲ ಬರಬಹುದು. ತಾಯಿಯಿಂದ ಬಂದ ಎಳೆಯಲ್ಲಿ ಒಂದು ಸಂಖ್ಯೆ, ತಂದೆಯಿಂದ ಬಂದ ಎಳೆಯಲ್ಲಿ ಮತ್ತೊಂದು ಸಂಖ್ಯೆ ಇರುವುದೂ ಸಹಜ. ಇಂತಹ ಒಂದು ಸ್ಥಳದಲ್ಲಿ ಇಬ್ಬರು ಅಪರಿಚಿತರ ಸಂಖ್ಯೆಗಳು ಹೊಂದುವ ಸಂಭವ ಹತ್ತರಲ್ಲಿ ಒಂದು ಎಂದು ಇಟ್ಟುಕೊಳ್ಳೋಣ. ಎರಡು ಸ್ಥಳಗಳಲ್ಲಿಯೂ ಹೊಂದುವ ಸಂಭವ ನೂರರಲ್ಲಿ ಒಂದು. ಹತ್ತು ಸ್ಥಳಗಳಲ್ಲಿ ಹೊಂದುವ ಸಂಭವ ಸಾವಿರ ಕೋಟಿಯಲ್ಲಿ ಒಂದು. ಭೂಮಿಯ ಮೇಲಿನ ಜನಸಂಖ್ಯೆಯೇ ಅಷ್ಟಿಲ್ಲ! ಆದುದರಿಂದ ಹತ್ತು ಹದಿನೈದು ಸ್ಥಳಗಳನ್ನು ಪರೀಕ್ಷಿಸಿದರೆ ಕೋಶವು ಯಾರದೆಂದು ನಿಶ್ಚಯವಾಗಿ ಹೇಳಬಹುದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಮಾತ್ರ ಇದಕ್ಕೆ ಅಪವಾದ. ಡಿ.ಎನ್.ಎ.ಯಿಂದ ವ್ಯಕ್ತಿಯನ್ನು ಗುರುತಿಸಬಹುದೆಂಬುದನ್ನು 1984ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್. ಡಾಲಿಯ ಪರೀಕ್ಷೆಯಲ್ಲಿಯೂ ಅವರು ಭಾಗಿಯಾಗಿದ್ದರು.

ಇದಕ್ಕೆ ಪೂರಕವಾದ ಇನ್ನೊಂದು ಸಾಕ್ಷಿಯೂ ಉಂಟು. ಜೀವಕೋಶದ ಡಿ.ಎನ್.ಎ. ಎಲ್ಲವೂ ಕೇಂದ್ರದಲ್ಲಿಯೇ ಇರುವುದಿಲ್ಲ. ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯಗಳೆಂಬ ಕಣಗಳಲ್ಲಿಯೂ ಅದು ಸ್ವಲ್ಪ ಇದೆ. ಅಂಡಾಣುವಿನ ವರ್ಣತಂತುಗಳನ್ನು ತೆಗೆದರೂ ಅದರ ಮೈಟೋಕಾಂಡ್ರಿಯಗಳು ಹಾಗೆಯೇ ಉಳಿಯುತ್ತವೆ. ಆದುದರಿಂದ ನಿಜವಾದ ತದ್ರೂಪಿಯಲ್ಲಿ ಕೇಂದ್ರದ ಡಿ.ಎನ್.ಎ. ಕೋಶ ಕೊಟ್ಟ ಪ್ರಾಣಿಯದಾಗಿದ್ದು, ಮೈಟೋಕಾಂಡ್ರಿಯದ ಡಿ.ಎನ್.ಎ. ಅಂಡ ಕೊಟ್ಟ ಪ್ರಾಣಿಯದಾಗಿರುತ್ತದೆ. ಒಂದೇ ಮನೆಯಲ್ಲಿ ಯಜಮಾನ ಬೇರೆ ಊರಿನವನು, ಅಡಿಗೆಯವರು ಬೇರೆ ಊರಿನವರು ಇದ್ದಂತೆ. ಡಾಲಿಯಲ್ಲಿಯೂ ಹೀಗೆಯೇ ಇದೆಯೆಂದು 1999ರಲ್ಲಿ ತಿಳಿದುಬಂತು.

ಇಷ್ಟನ್ನು ತಿಳಿದುಕೊಂಡ ಮೇಲೆ ದಕ್ಷಿಣ ಕೊರಿಯದಲ್ಲಿ ನಡೆದ ಘಟನೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಹ್ವಾಂಗ್ ವೂ-ಸುಕ್ ಎಂಬ ಪಶುವೈದ್ಯ ವಿಜ್ಞಾನದ ಪ್ರಾಧ್ಯಾಪಕರಿದ್ದರು. 2004ರಲ್ಲಿ ಅವರೂ ಅವರ ಸಂಗಡಿಗರೂ ‘ಸೈನ್ಸ್’ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹದಿನಾರು ಮಂದಿ ಮಹಿಳೆಯರು ಕೊಟ್ಟ 242 ಅಂಡಾಣುಗಳನ್ನು ಬಳಸಿ, ಕೋಶಕೇಂದ್ರದ ವರ್ಗಾವಣೆಯ ಮೂಲಕ ಮಾನವ ಆಕರಕೋಶಗಳ ಒಂದು ಸರಣಿಯನ್ನು ಪಡೆದಿರುವುದಾಗಿ ಅದರಲ್ಲಿ ಸಾರಲಾಗಿತ್ತು. 2005ರಲ್ಲಿ ಇನ್ನೂ ಬೆರಗುಗೊಳಿಸುವ ಲೇಖನ ಹೊರಬಂತು. ಈ ಸಲ 185 ಅಂಡಾಣುಗಳಿಂದ ಹನ್ನೊಂದು ಸರಣಿಗಳು. ಅವು ರೋಗಿಗಳ ಚರ್ಮದ ಕೋಶಗಳಿಂದಲೇ ಬಂದವೆಂಬ ಘೋಷಣೆ! ಕೊರಿಯದ ಜನ ಹ್ವಾಂಗರನ್ನು ರಾಷ್ಟ್ರವೀರನೆಂದು ಕೊಂಡಾಡಿದರು. ಗಾಲಿಕುರ್ಚಿಯಲ್ಲಿ ಕುಳಿತ ಮನುಷ್ಯನೊಬ್ಬ ಎದ್ದು ನಿಂತು ನಡೆಯುವ ಚಿತ್ರವುಳ್ಳ ಅಂಚೆಚೀಟಿಯನ್ನು ಸರಕಾರ ಹೊರಡಿಸಿತು. ನಡೆಯಲಾರದ ಎಷ್ಟು ಜನ ಆ ಚೀಟಿಯನ್ನು ನೋಡಿ ಆಸೆಯಿಂದ ದಿನವೆಣಿಸಿರಬಹುದು!

ಅದೇ ವರ್ಷದ ಕೊನೆಯ ಹೊತ್ತಿಗೆ ಅನುಮಾನಗಳು ತಲೆಯೆತ್ತಿದವು. ಅಂಡಾಣುಗಳನ್ನು ಪಡೆದ ಬಗೆ ಸರಿಯಲ್ಲವೆಂಬ ದೂರು ಮೊದಲು ಬಂತು. ಕೊರಿಯದ ದೂರದರ್ಶನ ಸಂಸ್ಥೆಯೊಂದರ ವರದಿಗಾರರು ವಿಷಯವನ್ನು ಕೆದಕಿದರು. ಜನರು ಆ ವರದಿಗಾರರ ಮೇಲೆಯೇ ಸಿಟ್ಟಾದರು. ಆದರೆ ಆ ದೇಶದ ತರುಣ ವಿಜ್ಞಾನಿಗಳು ಲೇಖನದಲ್ಲಿದ್ದ ಚಿತ್ರಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಬೇರೆ ಬೇರೆ ಕೋಶಗಳದೆಂದು ಹೇಳಿದ ಕೆಲವು ಛಾಯಾಚಿತ್ರಗಳು ಒಂದೇ ಆಗಿದ್ದುವು. ಡಿ.ಎನ್.ಎ. ಬೆರಳಚ್ಚಿನ ರೇಖಾಚಿತ್ರಗಳಲ್ಲಿಯೂ ಏನೋ ಅಸಹಜತೆ ಇತ್ತು. ಒಬ್ಬನೇ ವ್ಯಕ್ತಿಯ ಡಿ.ಎನ್.ಎ.ಯನ್ನು ಎರಡು ಸಲ ಪರೀಕ್ಷಿಸಿದರೆ ರೇಖೆಯ ಶಿಖರಗಳ ಸ್ಥಾನ ಒಂದೇ ಆಗಿದ್ದರೂ ಎತ್ತರದಲ್ಲಿ, ಆಕಾರದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬರುವುದು ಸಹಜ. ಒಬ್ಬನೇ ಎರಡು ಸಲ ಸಹಿ ಹಾಕಿದರೂ ಎರಡೂ ಪಡಿಯಚ್ಚಾಗುವುದಿಲ್ಲವಷ್ಟೆ. ಇಲ್ಲಿ ರೋಗಿಯ ರೇಖೆಯೂ ಆಕರಕೋಶದ ರೇಖೆಯೂ ಅನುಮಾನ ಬರುವಷ್ಟು ಒಂದೇ ಆಗಿದ್ದುವು. ಅತಿಯಾದ ಹೊಂದಿಕೆಯೇ ಸುಳ್ಳಿನ ಸುಳಿವಾಯಿತು.

ವಿಶ್ವವಿದ್ಯಾನಿಲಯವು ತನಿಖಾ ಸಮಿತಿಯೊಂದನ್ನು ನೇಮಿಸಿತು. 2006ರ ಜನವರಿ 10ರಂದು ಸಮಿತಿಯು ತನ್ನ ಅಂತಿಮ ವರದಿಯನ್ನು ಕೊಟ್ಟಿತು. ರೋಗಿಗಳ ಹನ್ನೊಂದು ಸರಣಿಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಲೇಖನ ಕಳುಹಿಸುವಾಗ ಇದ್ದುದೇ ಎರಡು ಸರಣಿಗಳು. ಅವುಗಳ ಬೆರಳಚ್ಚು ರೋಗಿಗಳದರೊಡನೆ ಹೊಂದಲಿಲ್ಲ. ಮಿಜ್‌ಮೆಡಿ ಆಸ್ಪತ್ರೆಯಲ್ಲಿ ಸಾಮಾನ್ಯ ಫಲಿತ ಭ್ರೂಣಗಳಿಂದ ಬೆಳೆಸಿದ್ದ ಕೋಶಗಳೊಡನೆ ಹೊಂದಿತು. ಲೇಖನದಲ್ಲಿ ತೋರಿಸಿದ್ದ ಜೋಡಿ ರೇಖೆಗಳ ಗುಟ್ಟೂ ಹೊರಬಿತ್ತು. ರೋಗಿಯ ದೇಹದ ಕೋಶಗಳಿಂದ ತೆಗೆದ ಡಿ.ಎನ್.ಎ.ಯನ್ನೇ ಎರಡು ಕೊಳವೆಗಳಿಗೆ ಹಂಚಿ, ಒಂದಕ್ಕೆ ರೋಗಿಯದೆಂದೂ ಇನ್ನೊಂದಕ್ಕೆ ಆಕರಕೋಶದ್ದೆಂದೂ ಹೆಸರು ಹಚ್ಚಲಾಗಿತ್ತು. ಅಂಡಾಣುಗಳ ಲೆಕ್ಕವೂ ಸುಳ್ಳು. 129 ಮಂದಿ ಮಹಿಳೆಯರಿಂದ 2,061 ಅಂಡಾಣುಗಳನ್ನು ಪಡೆದಿದ್ದುದಾಗಿ ಸಮಿತಿಯು ಕಂಡುಕೊಂಡಿತು. ಅಂಡಾಣುಗಳನ್ನು ತೆಗೆಯುವುದು ಸುಲಭದ ಕೆಲಸವಲ್ಲ. ಚುಚ್ಚುಮದ್ದು, ಶಸ್ತ್ರಕ್ರಿಯೆಗಳ ಕಷ್ಟವನ್ನು ಅವರು ಸಹಿಸಬೇಕು. ಪರೋಪಕಾರವೆಂದು ನಂಬಿ ಹಾಗೆ ಸಹಿಸಿದವರ ಶ್ರಮವೂ ಈ ಅಸತ್ಯದಲ್ಲಿ ವ್ಯರ್ಥವಾಯಿತು. ‘ಸೈನ್ಸ್’ ಪತ್ರಿಕೆ ಎರಡು ಲೇಖನಗಳನ್ನೂ ಅದೇ ತಿಂಗಳು ಹಿಂತೆಗೆದುಕೊಂಡಿತು. ಸಂಶೋಧನೆಯ ಹಣದ ದುರುಪಯೋಗಕ್ಕಾಗಿಯೂ, ಜೀವನೀತಿಗೆ ಸಂಬಂಧಿಸಿದ ಕಾನೂನನ್ನು ಮೀರಿದುದಕ್ಕಾಗಿಯೂ 2009ರಲ್ಲಿ ನ್ಯಾಯಾಲಯವು ಹ್ವಾಂಗರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಆದರೆ ಪ್ರಮಾಣವೆಂಬುದು ಪಕ್ಷಪಾತವನ್ನರಿಯದು. ಅದು ಸುಳ್ಳನ್ನು ಸುಳ್ಳೆಂದು ಹೇಳುವಂತೆಯೇ ನಿಜವನ್ನು ನಿಜವೆಂದೂ ಹೇಳುತ್ತದೆ. ಇದೇ ತಂಡವು 2005ರಲ್ಲಿ ‘ಸ್ನಪ್ಪಿ’ ಎಂಬ ಅಫ್ಘಾನ್ ಜಾತಿಯ ನಾಯಿಮರಿಯನ್ನು ತೋರಿಸಿ, ಇದು ಜಗತ್ತಿನ ಮೊದಲ ತದ್ರೂಪಿ ನಾಯಿ ಎಂದು ಹೇಳಿತ್ತು. ಅದೂ ಮೋಸವೇ ಇರಬೇಕೆಂದು ಜನ ಭಾವಿಸಿದರು. ಪರೀಕ್ಷಿಸಿ ನೋಡಿದಾಗ ಸ್ನಪ್ಪಿಯ ಕೇಂದ್ರದ ಡಿ.ಎನ್.ಎ. ಕೋಶ ಕೊಟ್ಟ ನಾಯಿಯದಕ್ಕೆ ಸರಿಯಾಗಿ ಹೊಂದಿತು, ಮೈಟೋಕಾಂಡ್ರಿಯದ ಡಿ.ಎನ್.ಎ. ಮಾತ್ರ ಬೇರೆಯಾಗಿತ್ತು. ನಿಜವಾದ ತದ್ರೂಪಿಯ ಲಕ್ಷಣ ಅದೇ ಅಲ್ಲವೇ? ಹೆಸರು ಕೆಟ್ಟವರ ಕೈಯ ಕೆಲಸವಾದರೂ ಸ್ನಪ್ಪಿ ನಿಜವೆಂದು ಲೋಕ ಒಪ್ಪಿತು.

ಇನ್ನು ಉಳಿದುದು 2004ರ ಆ ಮೊದಲನೆಯ ಸರಣಿ. ಇದರ ಮೂಲವೇ ಎಲ್ಲಕ್ಕಿಂತ ಕುತೂಹಲಕರವಾದುದು. ಕೋಶವನ್ನೂ ಅಂಡಾಣುವನ್ನೂ ಕೊಟ್ಟವರು ಒಬ್ಬರೇ ಮಹಿಳೆ ಎಂದು ಲೇಖನದಲ್ಲಿ ಹೇಳಿತ್ತು. ಹಾಗಿದ್ದಲ್ಲಿ ಮೈಟೋಕಾಂಡ್ರಿಯದ ಸಾಕ್ಷಿಯಿಂದ ಏನೂ ತಿಳಿಯದು. ಎರಡು ಕಡೆಯೂ ಒಂದೇ. ಸಮಿತಿಯು ಪರೀಕ್ಷಿಸಿದಾಗ ಆ ಸರಣಿಯ ಡಿ.ಎನ್.ಎ. ಅಂಡಾಣು ಕೊಟ್ಟ ಒಬ್ಬ ಮಹಿಳೆಯದನ್ನು ಬಹುಮಟ್ಟಿಗೆ ಹೋಲುತ್ತಿತ್ತು, ಆದರೆ ಪೂರ್ತಿಯಾಗಿ ಅಲ್ಲ. ಕೆಲವು ಸ್ಥಳಗಳಲ್ಲಿ ಆಕೆಗೆ ಎರಡು ಬೇರೆ ಬೇರೆ ಸಂಖ್ಯೆಗಳಿದ್ದರೆ ಕೋಶದಲ್ಲಿ ಒಂದೇ ಸಂಖ್ಯೆ ಇತ್ತು. ಅಂಡಾಣುವು ವೀರ್ಯಾಣುವಿನ ಸಂಯೋಗವೂ ಇಲ್ಲದೆ, ಪರಕೋಶದ ಪ್ರವೇಶವೂ ಇಲ್ಲದೆ ತಾನೇ ಬೆಳೆಯತೊಡಗಿರಬಹುದೆಂದು ಸಮಿತಿ ಶಂಕಿಸಿತು. ಇದನ್ನು ಅನಿಷೇಕಜನನ ಎನ್ನುತ್ತಾರೆ. ಪ್ರಕೃತಿಯಲ್ಲಿ ಇದು ಅಪೂರ್ವವೇನಲ್ಲ. ಜೇನುಗೂಡಿನ ಗಂಡುನೊಣಗಳು ಫಲಿತವಾಗದ ಮೊಟ್ಟೆಗಳಿಂದಲೇ ಹುಟ್ಟುತ್ತವೆ. ಸಸ್ತನಿಗಳಲ್ಲಿ ಮಾತ್ರ ಹೀಗೆ ಹೊರಟ ಭ್ರೂಣ ಸ್ವಲ್ಪ ದೂರ ಬೆಳೆದು ನಿಂತುಹೋಗುತ್ತದೆ.

ಶಂಕೆ ಬೇರೆ, ಸಿದ್ಧಾಂತ ಬೇರೆ. ಇದನ್ನು ನಿಶ್ಚಯವಾಗಿ ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ಜಾರ್ಜ್ ಡೇಲಿ, ಕಿಟಾಯ್ ಕಿಮ್ ಮತ್ತು ಅವರ ಸಂಗಡಿಗರು. 2007ರಲ್ಲಿ ಅವರು ಪ್ರಕಟಿಸಿದ ವಿಧಾನವನ್ನು ನೀವು ಹಗ್ಗಗಳ ಸಹಾಯದಿಂದ ಸುಲಭವಾಗಿ ಮನಗಾಣಬಹುದು.

ಒಂದು ಜೊತೆ ವರ್ಣತಂತುಗಳನ್ನು ಎರಡು ಹಗ್ಗಗಳೆಂದು ತಿಳಿಯಿರಿ. ತಾಯಿಯಿಂದ ಬಂದುದು ಕೆಂಪು, ತಂದೆಯಿಂದ ಬಂದುದು ಬಿಳಿ. ಅಂಡಾಣುವು ಸಿದ್ಧವಾಗುವ ಮೊದಲು ಪ್ರತಿಯೊಂದು ಹಗ್ಗಕ್ಕೂ ಒಂದು ಪ್ರತಿ ತಯಾರಾಗುತ್ತದೆ. ಹೀಗೆ ಎರಡು ಕೆಂಪು, ಎರಡು ಬಿಳಿ ಹಗ್ಗಗಳಾದವು. ಎರಡು ಕೆಂಪು ಹಗ್ಗಗಳನ್ನು ಒಂದು ಸ್ಥಳದಲ್ಲಿ ಗಂಟು ಹಾಕಿದೆ. ಬಿಳಿಯ ಹಗ್ಗಗಳನ್ನೂ ಹಾಗೆಯೇ. ಈ ಗಂಟಿಗೆ ಸೆಂಟ್ರೊಮಿಯರ್ ಎಂದು ಹೆಸರು. ಆಮೇಲೆ ಕೆಂಪು ಜೋಡಿಯೂ ಬಿಳಿ ಜೋಡಿಯೂ ಪಕ್ಕಪಕ್ಕದಲ್ಲಿ ಬಂದು, ಒಂದು ಕೆಂಪು ಹಗ್ಗದ ತುದಿಯೂ ಒಂದು ಬಿಳಿ ಹಗ್ಗದ ತುದಿಯೂ ಅದಲುಬದಲಾಗುತ್ತವೆ. ಮಕ್ಕಳು ತಂದೆತಾಯಿಗಳ ಪಡಿಯಚ್ಚಾಗದೆ ಹೊಸ ಗುಣಮಿಶ್ರಣವನ್ನು ಪಡೆಯಲು ಈ ವಿನಿಮಯವೂ ಒಂದು ಕಾರಣ. ಮೊದಲನೆಯ ವಿಭಜನೆಯಲ್ಲಿ ಒಂದು ಜೋಡಿ ಅಂಡಾಣುವಿನಿಂದ ಹೊರಬೀಳುತ್ತದೆ. ಉಳಿದುದು ಕೆಂಪು ಗಂಟಿನ ಜೋಡಿಯೆಂದು ಭಾವಿಸೋಣ. ಅದನ್ನು ಪರೀಕ್ಷಿಸಿದರೆ ಏನು ಕಾಣುತ್ತದೆ? ಗಂಟಿನ ಸಮೀಪದಲ್ಲಿ ಎರಡು ಹಗ್ಗಗಳೂ ಕೆಂಪು. ವಿನಿಮಯವಾದ ಸ್ಥಳದಿಂದಾಚೆ ತುದಿಯ ಕಡೆಗೆ ಒಂದು ಕೆಂಪು, ಇನ್ನೊಂದು ಬಿಳಿ.

ಸಾಮಾನ್ಯವಾಗಿ ವೀರ್ಯಾಣುವು ಪ್ರವೇಶಿಸಿದೊಡನೆ ಈ ಎರಡು ಹಗ್ಗಗಳಲ್ಲಿ ಒಂದು ಹೊರಬಿದ್ದು, ಅದರ ಸ್ಥಾನದಲ್ಲಿ ತಂದೆಯ ಹಗ್ಗ ಬಂದು ಸೇರುತ್ತದೆ. ಅನಿಷೇಕಜನನದಲ್ಲಿ ಹೀಗಾಗದೆ ಎರಡು ಹಗ್ಗಗಳೂ ಒಳಗೇ ಉಳಿದುಬಿಡಬಹುದು. ಆಗ ಕೋಶದಲ್ಲಿ ವರ್ಣತಂತುಗಳ ಸಂಖ್ಯೆ 46ಕ್ಕೆ ಸರಿಯಾಗಿಯೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದವನಿಗೆ ಏನೂ ವ್ಯತ್ಯಾಸ ತೋರದು. ಆದರೆ ಡಿ.ಎನ್.ಎ.ಯನ್ನು ಓದಿದವನಿಗೆ ಗಂಟಿನ ಸಮೀಪದಲ್ಲಿ ಸಮತೆ, ತುದಿಗಳಲ್ಲಿ ವೈವಿಧ್ಯ ಎಂಬ ಗುರುತು ಒಂದಾದ ಮೇಲೊಂದರಂತೆ ವರ್ಣತಂತುಗಳಲ್ಲಿ ಕಾಣುತ್ತದೆ. ಕೋಶಕೇಂದ್ರದ ವರ್ಗಾವಣೆಯಲ್ಲಿ ಹೀಗಾಗುವಂತಿಲ್ಲ. ಅಲ್ಲಿ ದೇಹದ ಕೋಶದಿಂದ ಕೆಂಪು ಹಗ್ಗವೂ ಬಿಳಿ ಹಗ್ಗವೂ ಇಡಿಯಾಗಿ ಬರುತ್ತವೆ. ಗಂಟಿನ ಬಳಿಯಲ್ಲಾಗಲಿ ತುದಿಯಲ್ಲಾಗಲಿ ದಾನಿಯಲ್ಲಿದ್ದ ವೈವಿಧ್ಯವೆಲ್ಲ ಹಾಗೆಯೇ ಉಳಿದಿರುತ್ತದೆ.

ಡೇಲಿಯವರ ತಂಡವು ಮೊದಲು ಇಲಿಗಳ ಕೋಶಗಳಲ್ಲಿ ಈ ತತ್ತ್ವವನ್ನು ಪರೀಕ್ಷಿಸಿತು. ಯಾವ ಕೋಶ ಯಾವ ಬಗೆಯಲ್ಲಿ ಹುಟ್ಟಿತೆಂಬುದು ಅಲ್ಲಿ ಮೊದಲೇ ತಿಳಿದಿತ್ತು. ಗುರುತು ಸರಿಯಾಗಿಯೇ ಹೊಂದಿತು. ಅನಂತರ ಕೊರಿಯದ ಸರಣಿಯ ಡಿ.ಎನ್.ಎ.ಯಲ್ಲಿ ಲಕ್ಷಗಟ್ಟಲೆ ಸ್ಥಳಗಳನ್ನು ಓದಿ ನಕ್ಷೆ ಬರೆಯಲಾಯಿತು. ಗಂಟಿನ ಬಳಿ ಸಮತೆ, ತುದಿಯ ಬಳಿ ವೈವಿಧ್ಯ! ಅದು ತದ್ರೂಪಿ ಭ್ರೂಣದಿಂದ ಬಂದುದಲ್ಲ, ಅನಿಷೇಕಜನನದಿಂದ ಬಂದುದು ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಿರಿ. ಮನುಷ್ಯನ ಅಂಡಾಣುವೊಂದರಿಂದಲೇ ಆಕರಕೋಶಗಳ ಸರಣಿಯನ್ನು ಪಡೆದುದು ಸ್ವತಃ ಒಂದು ದೊಡ್ಡ ಸಾಧನೆಯಾಗುತ್ತಿತ್ತು. ಅದನ್ನು ಇದ್ದುದು ಇದ್ದಂತೆ ಹೇಳಿದ್ದರೆ ಹ್ವಾಂಗರ ತಂಡಕ್ಕೆ ಆ ಕೀರ್ತಿ ನ್ಯಾಯವಾಗಿಯೇ ಸಲ್ಲುತ್ತಿತ್ತು. ಬಯಸಿದುದೇ ದೊರೆತಿದೆಯೆಂದು ಸಾಧಿಸುವ ಆತುರದಲ್ಲಿ ಅವರು ತಮ್ಮ ಕೈಯಲ್ಲಿದ್ದುದನ್ನೇ ಗುರುತಿಸಲಿಲ್ಲ. ಸುಳ್ಳು ಪರರನ್ನು ವಂಚಿಸುವುದಕ್ಕೆ ಮೊದಲು ಹೇಳಿದವನನ್ನೇ ವಂಚಿಸುತ್ತದೆ.

ಈ ಘಟನೆಯಿಂದ ವಿಜ್ಞಾನಲೋಕ ಪಾಠ ಕಲಿಯಿತು. 2007ರ ನವೆಂಬರಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಶೂಖ್ರತ್ ಮಿಟಾಲಿಪೋವ್ ಅವರ ತಂಡವು ಕೋತಿಯ ಚರ್ಮದ ಕೋಶಗಳಿಂದ ಇದೇ ವರ್ಗಾವಣೆಯ ಮೂಲಕ ಎರಡು ಆಕರಕೋಶ ಸರಣಿಗಳನ್ನು ಪಡೆದುದಾಗಿ ತಿಳಿಸಿತು. ಅದಕ್ಕೆ 304 ಅಂಡಾಣುಗಳು ಬೇಕಾದುವು. ಈ ಸಲ ‘ನೇಚರ್’ ಪತ್ರಿಕೆಯು ಕೇವಲ ಲೇಖಕರ ಮಾತನ್ನು ನಂಬಿ ಕೂರಲಿಲ್ಲ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸ್ವತಂತ್ರವಾಗಿ ಡಿ.ಎನ್.ಎ. ಪರೀಕ್ಷೆ ಮಾಡಿದರು, ಕೇಂದ್ರದ ಡಿ.ಎನ್.ಎ. ಚರ್ಮ ಕೊಟ್ಟ ಕೋತಿಯದು, ಮೈಟೋಕಾಂಡ್ರಿಯದ್ದು ಅಂಡ ಕೊಟ್ಟ ಕೋತಿಯದು ಎಂದು ದೃಢಪಡಿಸಿದರು. ಆ ವರದಿಯೂ ಮೂಲ ಲೇಖನದ ಜೊತೆಗೇ ಅಚ್ಚಾಯಿತು. ಮಿಟಾಲಿಪೋವ್ ಅವರ ತಂಡವೇ 2013ರಲ್ಲಿ ಮನುಷ್ಯರ ಕೋಶಗಳಿಂದಲೂ ಇದನ್ನು ಸಾಧಿಸಿತು.

2014ರಲ್ಲಿ ಜಪಾನಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಇಲಿಯ ಸಾಮಾನ್ಯ ಕೋಶಗಳನ್ನು ದುರ್ಬಲ ಆಮ್ಲದಲ್ಲಿ ಅದ್ದಿದರೆ ಅವು ಆಕರಕೋಶಗಳಂತಾಗುತ್ತವೆ ಎಂದು ರಿಕೆನ್ ಸಂಸ್ಥೆಯ ಸಂಶೋಧಕರು ಹೇಳಿದರು. ಬೇರೆಯವರು ಮಾಡಿ ನೋಡಿದರೆ ಆಗಲಿಲ್ಲ. ಉಳಿದಿದ್ದ ಕೋಶಗಳ ಡಿ.ಎನ್.ಎ.ಯನ್ನು ಓದಿದಾಗ ಅವು ಪ್ರಯೋಗಾಲಯದಲ್ಲಿ ಮೊದಲೇ ಇದ್ದ ಭ್ರೂಣದ ಆಕರಕೋಶಗಳೇ ಎಂದು ಗೊತ್ತಾಯಿತು. ಅವನ್ನು ಬೆರೆಸಿದವರು ಯಾರೆಂಬುದನ್ನು ತನಿಖೆಯವರಿಂದ ಹೇಳಲಾಗಲಿಲ್ಲ. ಡಿ.ಎನ್.ಎ.ಯು ಕೋಶದ ಮೂಲವನ್ನು ಹೇಳಬಲ್ಲದು. ಮನುಷ್ಯನ ಮನಸ್ಸನ್ನು ಹೇಳಲಾರದು.

ಎಲ್ಲ ಬೆರಕೆಯೂ ಮೋಸವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಂತಿಯಿಂದ ತೆಗೆದ ‘ಹೀಲಾ’ ಕೋಶಗಳು ಬಹಳ ಚುರುಕಾಗಿ ಬೆಳೆಯುವಂತಹವು. ಒಂದು ಹನಿ ತಪ್ಪಿ ಬಿದ್ದರೂ ಸಾಕು, ತಟ್ಟೆಯಲ್ಲಿದ್ದ ಬೇರೆ ಕೋಶಗಳನ್ನು ಹಿಂದೆ ಹಾಕಿ ಹೊಲದ ಕಳೆಯಂತೆ ತಾವೇ ತುಂಬಿಕೊಳ್ಳುತ್ತವೆ. ಬೇರೆ ಬೇರೆ ಜನರದೆಂದು ತಿಳಿದಿದ್ದ ಹದಿನೆಂಟು ಕೋಶಸರಣಿಗಳಲ್ಲಿ ಹೀಲಾದ ಗುರುತೇ ಇದೆಯೆಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿದರು. ಯಾರೂ ಮೋಸ ಮಾಡಿರಲಿಲ್ಲ, ಎಚ್ಚರ ತಪ್ಪಿತ್ತು. ಆದುದರಿಂದಲೇ ಈಗ ಕೋಶಭಂಡಾರಗಳು ಸರಣಿಯೊಂದನ್ನು ಸ್ವೀಕರಿಸುವಾಗ ಅದರ ಡಿ.ಎನ್.ಎ. ಬೆರಳಚ್ಚನ್ನು ದಾಖಲೆ ಮಾಡಿಕೊಳ್ಳುತ್ತವೆ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಚಿಕಿತ್ಸೆಗೆ ಒದಗದೆಂದು ಬಿಟ್ಟಿದ್ದ ಭ್ರೂಣಗಳಿಂದ ಎರಡು ಮಾನವ ಆಕರಕೋಶ ಸರಣಿಗಳನ್ನು ಬೆಳೆಸಿ 2009ರಲ್ಲಿ ಅವುಗಳ ಲಕ್ಷಣಗಳನ್ನು ಪ್ರಕಟಿಸಿದರು. ಅವೆರಡೂ ಒಡಹುಟ್ಟಿದ ಸರಣಿಗಳು.

ರೋಗಿಯೊಬ್ಬನ ದೇಹಕ್ಕೆ ಸೇರಬೇಕಾದ ಕೋಶವು ಯಾರದು, ಎಲ್ಲಿಂದ ಬಂತು ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಅದು ಆತನ ಪ್ರಾಣದ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳುವ ಹಕ್ಕು ಎಲ್ಲರಿಗೂ ಉಂಟು. ಅದಕ್ಕೆ ಉತ್ತರ ಕೊಡುವ ಹೊಣೆ ಸಂಶೋಧಕನದು. ದೊಡ್ಡವರು ಹೇಳಿದರೆಂದಾಗಲಿ, ದೇಶದ ಕೀರ್ತಿ ಹೆಚ್ಚುತ್ತದೆಂದಾಗಲಿ ಆ ಪ್ರಶ್ನೆಯನ್ನು ಕೇಳದೆ ಬಿಡಬಾರದು. ಕೊರಿಯದಲ್ಲಿ ಅದನ್ನು ಧೈರ್ಯವಾಗಿ ಕೇಳಿದವರು ಆ ದೇಶದ ತರುಣರೇ. ನಾಡಿನ ಮಾನವನ್ನು ನಿಜವಾಗಿ ಕಾಪಾಡಿದವರು ಅವರು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಕೋಶಸರಣಿ ಎಂದರೇನು?
2. ಡಾಲಿಯ ಹುಟ್ಟಿನ ಬಗ್ಗೆ ವಿಜ್ಞಾನಿಗಳಿಗೆ ಬಂದ ಸಂದೇಹ ಯಾವುದು?
3. ಸ್ನಪ್ಪಿಯು ನಿಜವಾದ ತದ್ರೂಪಿಯೆಂದು ಹೇಗೆ ತಿಳಿಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಡಿ.ಎನ್.ಎ. ಬೆರಳಚ್ಚಿನಿಂದ ವ್ಯಕ್ತಿಯನ್ನು ಗುರುತಿಸುವುದು ಹೇಗೆ?
2. ‘ಅತಿಯಾದ ಹೊಂದಿಕೆಯೇ ಸುಳ್ಳಿನ ಸುಳಿವಾಯಿತು.’ ಈ ಮಾತನ್ನು ವಿವರಿಸಿರಿ.
3. ಕೆಂಪು ಬಿಳಿ ಹಗ್ಗಗಳ ಉದಾಹರಣೆಯಿಂದ ಅನಿಷೇಕಜನನದ ಗುರುತನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

ಇ) ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಈ ಪಾಠದ ಆಧಾರದಿಂದ ವಿಸ್ತರಿಸಿರಿ.